ಗಾಜು ಕಲಿಸಿದ ಕೈ

ನಮ್ಮಪ್ಪನಿಗೆ ಹತ್ತು ಬೆರಳೂ ಇವೆ. ಬೇರೆಯವರ ಅಪ್ಪನ ವಿಷಯದಲ್ಲಿ ಇದು ಹೇಳಿಕೊಳ್ಳುವಂಥ ಮಾತೇನೂ ಅಲ್ಲ. ಆದರೆ ನಮ್ಮಪ್ಪ ಮೂವತ್ತೆಂಟು ವರ್ಷ ಗಾಜು ಕತ್ತರಿಸಿದವರು. ಕಿಟಕಿಯೋ, ಅಂಗಡಿಯ ಬಾಗಿಲೋ, ಆಳೆತ್ತರದ ಕನ್ನಡಿಯೋ, ಯಾವುದಕ್ಕೆ ಗಾಜು ಬೇಕಾದರೂ ಅದು ಅವರ ಮೇಜಿನ ಮೇಲೆ ಒಮ್ಮೆ ಮಲಗಿ ಎದ್ದು ಹೋಗಬೇಕಿತ್ತು. ಅವರ ಜೊತೆಗೆ ಕೆಲಸ ಮಾಡಿದವರಲ್ಲಿ ಒಬ್ಬರ ಹೆಬ್ಬೆರಳು ಮಡಚುವುದಿಲ್ಲ, ಇನ್ನೊಬ್ಬರ ಎಡಗೈಯಲ್ಲಿ ಮೂರೇ ಬೆರಳು. ಹೋದ ವರ್ಷ ನಿವೃತ್ತರಾದ ದಿನ ಅಪ್ಪ ಮನೆಗೆ ಬಂದವರೇ, ವರ್ಕ್‌ಶಾಪಿನವರು ಕೊಟ್ಟ ಗೋಡೆ ಗಡಿಯಾರವನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಅಮ್ಮನ ಮುಂದೆ ಚಾಚಿದರು.

"ಎಣಿಸ್ಕೋ. ಮದುವೆ ದಿನ ಎಷ್ಟಿದ್ವೋ ಅಷ್ಟೂ ವಾಪಸ್ಸು ತಂದಿದೀನಿ."

ಅಮ್ಮ ನಿಜವಾಗಿಯೂ ಎಣಿಸಿದಳು. ಆಮೇಲೆ, "ಮೊದಲು ಹೋಗಿ ಉಗುರು ಕತ್ತರಿಸ್ಕೊಳ್ಳಿ" ಎಂದಳು.

ಆ ಹತ್ತು ಬೆರಳು ಉಳಿದದ್ದು ಅದೃಷ್ಟದಿಂದಲ್ಲ, ಕಣ್ಣಿನಿಂದ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಶಾಲೆಗೆ ನಡೆದು ಹೋಗುವುದೆಂದರೆ ನನಗೆ ಶಾಲೆಗೆ ಮುಂಚೆಯೇ ಒಂದು ಪರೀಕ್ಷೆ. "ಆ ಲಾರಿ ಕೆಳಗೆ ಎಷ್ಟು ಕಾಲು ಕಾಣ್ತಿವೆ ಹೇಳು." "ಮುಂದೆ ಮೂರು ಬಾಗಿಲಿವೆ. ಯಾವುದು ಹೊರಗಡೆ ತೆರ್ಕೊಳ್ಳುತ್ತೆ?" "ಆ ಸೈಕಲ್ಲಿನವನು ಎಡಕ್ಕೆ ತಿರುಗ್ತಾನೋ ಬಲಕ್ಕೋ?" ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ನಿಂತುಬಿಡುತ್ತಿದ್ದರು. ಸರಿಯಾಗಿ ನೋಡಿ ಹೇಳುವ ತನಕ ನಾವಿಬ್ಬರೂ ದಾರಿಯ ಬದಿಯಲ್ಲಿ ಕಂಬಗಳಂತೆ ನಿಂತಿರಬೇಕು. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಕೈಯಲ್ಲಿ ಗಾಜು ಹಿಡಿದು ಮೂಲೆ ತಿರುಗುವವರು ವರ್ಕ್‌ಶಾಪಿನಲ್ಲಿ ಮೊದಲೇ ಕೂಗಿ ಹೇಳಬೇಕು. ಅಪ್ಪನ ಕೈಯಲ್ಲಿ ಗಾಜು ಇರಲಿ, ಇಲ್ಲದಿರಲಿ, ಬೀದಿಯ ಪ್ರತಿ ಮೂಲೆಯಲ್ಲೂ "ಮೂಲೆ!" ಎಂದು ಕೂಗುತ್ತಿದ್ದರು. ನನ್ನ ಗೆಳತಿಯರ ಮುಂದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು ನನಗೆ.

ಈಗ ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಕಲಿಯುವವರ ಪಕ್ಕದಲ್ಲಿ ಕೂರುತ್ತೇನೆ, ನನ್ನ ಕಾಲಿನ ಕೆಳಗೂ ಒಂದು ಬ್ರೇಕಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು 'ಮೆಣಸಿನಕಾಯಿ ಮೇಡಂ' ಎನ್ನುತ್ತಾರೆ. ಮುಂದೆ ಯಾರೂ ಅಂದಿಲ್ಲ. ಅಷ್ಟು ಬುದ್ಧಿ ಅವರಿಗಿದೆ.

ಮಗಳು ಹುಟ್ಟಿದ ಮೇಲೆ ಕೆಲಸಕ್ಕೆ ರಜೆ ಹಾಕಿದ್ದೆ. ಅವಳು ದಾರದ ಉಂಡೆಯ ಹಾಗೆ ಸುತ್ತಿಕೊಂಡು ಮಲಗುತ್ತಿದ್ದಳು, ಆದ್ದರಿಂದ ಮನೆಯಲ್ಲಿ ಅವಳ ಹೆಸರು ಉಂಡೆ ಎಂದೇ ಆಯಿತು. ಉಂಡೆಗೆ ಹತ್ತು ತಿಂಗಳಾಗುವ ಹೊತ್ತಿಗೆ ನನ್ನ ರಜೆಯೂ ಮುಗಿಯುತ್ತ ಬಂದಿತ್ತು. ಸ್ಕೂಲಿನ ಯಜಮಾನಿ ಫೋನ್ ಮಾಡಿ, "ಈ ತಿಂಗಳ ಕೊನೇ ಸೋಮವಾರ ಬಂದ್ರೆ ಬಾ ಕಣಮ್ಮ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೊಳ್ಳಲೇಬೇಕು" ಎಂದಿದ್ದರು. ನನ್ನ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಾನೆ. ನಸುಕಿಗೆ ಎದ್ದು ಹೋದವನು ಬರುವುದು ಮಧ್ಯಾಹ್ನದ ಮೇಲೆ. ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ಸಂಜೆಯವರೆಗೆ ನಿಲ್ಲುತ್ತಾಳೆ. ಉಳಿದವರು ಅಪ್ಪ ಒಬ್ಬರೇ. ಎರಡು ಬೀದಿ ಆಚೆ ಇದ್ದ ಅವರ ಮನೆಗೆ ಹೋಗಿ ಕೇಳುವ ಮೊದಲೇ ಅವರು, "ನನಗೇನು ಕೆಲಸ? ಉಂಡೇನ ನಾನು ನೋಡ್ಕೋತೀನಿ" ಎಂದರು. ನಾನು ಬೇರೆ ಮಾತೇ ಆಡಲಿಲ್ಲ. ಲೋಕದಲ್ಲಿ ಮಗುವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಯಾರಾದರೂ ಇದ್ದರೆ ಅದು ನಮ್ಮಪ್ಪ.

ಸೋಮವಾರಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಅವರು ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದು ಅಭ್ಯಾಸ ಶುರು ಮಾಡಿದರು. ಮೊದಲ ದಿನ ಮಾಡಿದ್ದೇನೆಂದರೆ, ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತಿದ್ದು. ಅರವತ್ತರ ಮನುಷ್ಯ ಮೊಣಕಾಲೂರಿ ಕುರ್ಚಿಯ ಕೆಳಗೆ ತೂರಿ, ಬೀರುವಿನ ಸಂದಿಗೆ ಇಣುಕಿ ಹೋಗುತ್ತಿದ್ದರೆ, ಉಂಡೆ ಹಿಂದಿನಿಂದ ಕೇಕೆ ಹಾಕುತ್ತ ಅಟ್ಟಿಸಿಕೊಂಡು ಹೋದಳು.

"ಏನಪ್ಪಾ ಇದು?"

"ಅವಳಿಗೆ ಏನು ಕಾಣುತ್ತೋ ಅದು ನನಗೂ ಕಾಣಬೇಕಲ್ಲಮ್ಮ. ನಿಂತ್ಕೊಂಡು ನೋಡಿದ್ರೆ ಆ ಮೊಳೆ ಕಾಣಲ್ಲ ನೋಡು."

ಮಂಚದ ಕೆಳಗೆ ಒಂದು ಮೊಳೆ ನಿಜಕ್ಕೂ ಮೂತಿ ಚಾಚಿಕೊಂಡಿತ್ತು. ನಾಲ್ಕು ವರ್ಷದಿಂದ ಆ ಮಂಚದ ಮೇಲೆ ಮಲಗುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ. ಅದನ್ನು ಕಿತ್ತರು. ಗಾಜಿನ ಅಂಚಿಗೆ ಹಾಕುವ ರಬ್ಬರ್ ಪಟ್ಟಿ ತಂದು ಮೇಜಿನ ಮೂಲೆಗಳಿಗೆಲ್ಲ ತೊಡಿಸಿದರು. ಉಂಡೆ ಹಗಲು ಮಲಗುವ ನಮ್ಮ ಮಂಚದ ಅಂಚಿಗೆ ಎರಡು ಉದ್ದ ದಿಂಬುಗಳನ್ನು ಗೋಡೆಯಂತೆ ಇಟ್ಟು, ಕೋಣೆಯಿಂದ ಹೊರಗೆ ಬರುವಾಗಲೆಲ್ಲ ಆ ದಿಂಬುಗಳ ಬೆನ್ನು ತಟ್ಟಿ ಬರುತ್ತಿದ್ದರು. ನನ್ನ ಗಂಡ, "ನಿಮ್ಮಪ್ಪ ದಿಂಬಿಗೂ ಶಹಬ್ಬಾಸ್ ಹೇಳ್ತಾರಲ್ಲೇ" ಎಂದು ನಗುತ್ತಿದ್ದ. ಮನೆಯಲ್ಲಿ ಒಟ್ಟಾರೆ ನೆಮ್ಮದಿಯಿತ್ತು.

ಆಮೇಲೆ, ಸೋಮವಾರಕ್ಕೆ ಆರು ದಿನ ಇರುವಾಗ, ಆ ಮಂಗಳವಾರ ಬಂತು.

ಬೆಳಿಗ್ಗೆ ಹತ್ತರ ಹೊತ್ತು. ಉಂಡೆ ಮಂಚದ ಮೇಲೆ ನಿದ್ದೆ ಮಾಡುತ್ತಿದ್ದಳು. ಅವಳ ಬಟ್ಟೆ ಮಡಿಸುತ್ತಿದ್ದ ಅಪ್ಪ, ಮಡಿಸಿದ್ದನ್ನು ಬೀರುವಿಗೆ ಇಡಲು ಕೋಣೆಗೆ ಹೋದರು. ನಾನು ನೀರಿನ ಲೋಟ ಹಿಡಿದು ಬಾಗಿಲವರೆಗೆ ಬಂದೆ. ನಾನು ಬಾಗಿಲಲ್ಲಿ, ಅಪ್ಪ ಮಂಚದ ಪಕ್ಕದಲ್ಲಿ, ಒಂದು ತೋಳಿನಷ್ಟು ದೂರದಲ್ಲಿ. ಉಂಡೆ ನಿದ್ದೆಗಣ್ಣಿನಲ್ಲೇ ಹೊರಳಿದಳು. ಇನ್ನೊಂದು ಸಲ ಹೊರಳಿದಳು. ಮೂರನೇ ಹೊರಳಿಗೆ ಮಂಚ ಇರಲಿಲ್ಲ.

ಅಪ್ಪ ಕೈ ಚಾಚಿದ್ದರೆ ಸಾಕಿತ್ತು. ಚಾಚಲಿಲ್ಲ. ಎರಡೂ ಕೈಗಳನ್ನು ಹೆಗಲವರೆಗೆ ಮೇಲೆತ್ತಿ, ಅಂಗೈ ಹೊರಗೆ ಮಾಡಿ, ಪಟ್ಟನೆ ಒಂದು ಹೆಜ್ಜೆ ಹಿಂದಕ್ಕೆ ಹೋದರು. "ಬಿಟ್ಟೆ!" ಎಂದು ಕೂಗಿದರು.

ಕೆಳಗೆ ದಪ್ಪ ಜಮಖಾನೆ ಇತ್ತು. ಉಂಡೆ ಧೊಪ್ಪೆಂದು ಬಿದ್ದು, ಒಂದು ಗಳಿಗೆ ಉಸಿರು ಕಟ್ಟಿ, ಆಮೇಲೆ ಮನೆ ಹಾರಿಹೋಗುವಂತೆ ಅತ್ತಳು. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಮಗುವನ್ನು ಬಾಚಿಕೊಂಡೆ. ಹಣೆಯ ಮೇಲೆ ಆಗಲೇ ಕೆಂಪಗೆ ಊದುತ್ತಿತ್ತು. ಅಪ್ಪ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು, ಯಾರೋ ಬಂದೂಕು ಹಿಡಿದು ಬೆದರಿಸಿದ ಹಾಗೆ.

"ಹಿಂದಕ್ಕೆ ಹೋದ್ರಿ ನೀವು!" ಎಂದು ಕಿರುಚಿದೆ. "ಕೈಗೆ ಸಿಕ್ತಿದ್ಳು, ಹಿಂದಕ್ಕೆ ಹೋದ್ರಿ! ಬಿಟ್ಟೆ ಅಂತೀರಲ್ಲಪ್ಪಾ, ಇವಳೇನು ಗಾಜಾ? ಇನ್ಮೇಲೆ ನನ್ನ ಮಗೂನ ಮುಟ್ಟಬೇಡಿ!"

ಅಪ್ಪ ಕೈ ಇಳಿಸಿದರು. "ಆಯ್ತು" ಎಂದರು. ಅಷ್ಟೇ.

ಡಾಕ್ಟರು ನೋಡಿ, ಕಣ್ಣಿಗೆ ದೀಪ ಬಿಟ್ಟು, ಕೈಕಾಲು ಆಡಿಸಿ, ಏನೂ ಆಗಿಲ್ಲ ಎಂದರು. "ವಾಂತಿ ಆದ್ರೆ, ತುಂಬಾ ಮಂಪರು ಅನ್ನಿಸಿದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದರು. ವಾಂತಿಯೂ ಆಗಲಿಲ್ಲ, ಮಂಪರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಉಂಡೆ ತನ್ನ ಹಣೆಯ ಗುಬುಟನ್ನು ತಾನೇ ಮುಟ್ಟಿ ನೋಡಿಕೊಂಡು, ಹೊಸ ಆಟಿಕೆ ಸಿಕ್ಕಂತೆ ನಗುತ್ತಿದ್ದಳು. ನನಗೇ ಸಮಾಧಾನವಿರಲಿಲ್ಲ.

ಸಂಜೆ ಅಮ್ಮ ಅಂಗಡಿಯಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ಸವರಿ ನೋಡಿ, ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕಡೆ ತಿರುಗಿದಳು.

"ನಿಮ್ಮಪ್ಪ ಕೆಲಸಕ್ಕೆ ಸೇರಿದ ವಾರವೇ ಇನ್ನೊಬ್ಬ ಸೇರಿದ್ದ. ಇವರಷ್ಟೇ ವಯಸ್ಸು. ಒಂದು ದಿನ ಗಾಜಿನ ಶೀಟು ಜಾರಿತು. ಅವನು ಪಾಪ, ಒಡೆದುಹೋಗುತ್ತೆ ಅಂತ ಹಿಡಿಯಕ್ಕೆ ಹೋದ. ಮಣಿಕಟ್ಟಿಗೆ ಬಿತ್ತು. ಆ ಕೈ ಮತ್ತೆ ಲೋಟ ಎತ್ತಲಿಲ್ಲ. ನಿಮ್ಮಪ್ಪನೇ ಅವನನ್ನ ಹೊತ್ಕೊಂಡು ಹೋಗಿದ್ದು."

ನನಗೆ ಇದು ಗೊತ್ತಿರಲಿಲ್ಲ.

"ಆಮೇಲೆ ಅವರ ಮೇಸ್ತ್ರಿ ಏನು ಮಾಡಿದ ಗೊತ್ತಾ? ಆರು ತಿಂಗಳು, ದಿನಾ ಬೆಳಿಗ್ಗೆ, ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಪ್ಲೈವುಡ್ ಹಲಗೆ ಎತ್ತಿಸಿ, ಹೇಳದೆ ಕೇಳದೆ ಕೈಯಿಂದ ಜಾರಿಸ್ತಿದ್ದ. ಯಾರ ಕೈ ಮುಂದೆ ಹೋಯ್ತೋ ಅವನಿಗೆ ಸ್ಕೇಲಿನಲ್ಲಿ ಏಟು. ಬೀಳೋದು ಕಂಡ್ರೆ ಕೈ ಎತ್ತಬೇಕು, ಹಿಂದೆ ಸರೀಬೇಕು, ಬಿಟ್ಟೆ ಅಂತ ಕೂಗಬೇಕು, ಪಕ್ಕದವರಿಗೂ ಗೊತ್ತಾಗಲಿ ಅಂತ. ಮದುವೆಯಾದ ಹೊಸದರಲ್ಲಿ ನನ್ನ ಕೈಯಿಂದ ಚಮಚ ಬಿದ್ರೂ ಇವರು ಹಾರಿ ಗೋಡೆಗೆ ಅಂಟ್ಕೋತಿದ್ರು. ನಾನು ಇವರಿಗೆ ಏನೋ ಕಾಯಿಲೆ ಇದೆ ಅಂದ್ಕೊಂಡಿದ್ದೆ."

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

"ಅದು ಕೈ ಮಾಡಿದ್ದು ಕಣೇ. ಮನುಷ್ಯ ಮಾಡಿದ್ದಲ್ಲ."

"ಕೈ ಮಾಡಿದ್ರೂ ಬಿದ್ದಿದ್ದು ನನ್ನ ಮಗು ಅಲ್ವಾ ಅಮ್ಮ?" ಎಂದೆ. ಸೋತ ಮೇಲೂ ಬಾಯಿ ಬಿಟ್ಟುಕೊಡುವವಳಲ್ಲ ನಾನು.

ಮರುದಿನ ಅಪ್ಪ ಎಂದಿನಂತೆ ಬಂದರು. ಆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದರು. ಒಂದು ಮಾತು ಹೇಳಿದರೆ ಅದನ್ನು ಅಕ್ಷರಶಃ ಪಾಲಿಸುವ ಜಾತಿಯವರು ಅವರು. ಉಂಡೆ ಅಂಬೆಗಾಲಲ್ಲಿ ಓಡಿಬಂದು ಅವರ ಪ್ಯಾಂಟು ಹಿಡಿದು ಎದ್ದು ನಿಂತು, ಎತ್ತಿಕೋ ಎಂದು ಮುಖ ಮೇಲೆ ಮಾಡಿದಳು. ಅಪ್ಪ ಅವಳನ್ನೇ ನೋಡುತ್ತ, "ಮಗಳೇ, ಇವಳು ಕರೀತಿದಾಳೆ ನೋಡು" ಎಂದು ನನ್ನನ್ನು ಕೂಗಿದರು. ಬೆನ್ನ ಹಿಂದೆ ಒಂದು ಕೈ ಇನ್ನೊಂದನ್ನು ಗಟ್ಟಿಯಾಗಿ ಹಿಡಿದಿತ್ತು.

"ಎತ್ಕೊಳ್ಳಿ ಅಪ್ಪಾ, ಪರವಾಗಿಲ್ಲ. ಕೋಪದಲ್ಲಿ ಏನೋ ಅಂದೆ."

"ಕೋಪದಲ್ಲಿ ಅಂದ್ರೂ ಸರಿಯಾಗೇ ಅಂದಿದೀಯ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲಮ್ಮ. ಸೋಮವಾರಕ್ಕೆ ನೀನು ಬೇರೆ ಯಾರನ್ನಾದ್ರೂ ನೋಡ್ಕೋ."

ಬೇರೆ ಯಾರನ್ನು? ಐದು ದಿನದಲ್ಲಿ ಎಲ್ಲಿಂದ ತರಲಿ? ಯಜಮಾನಿಗೆ ಫೋನ್ ಮಾಡಿ ಕೆಲಸ ಬೇಡ ಎನ್ನಬೇಕು, ಅಷ್ಟೇ. ಆದರೆ ನಿಜ ಹೇಳಬೇಕೆಂದರೆ ಕೆಲಸದ ಚಿಂತೆಗಿಂತ ಆ ಬೆನ್ನ ಹಿಂದಿನ ಕೈಗಳೇ ನನಗೆ ಹೆಚ್ಚು ಕಷ್ಟ ಕೊಟ್ಟವು. ಅವು ನನ್ನನ್ನು ಹೊತ್ತು ಬೆಳೆಸಿದ ಕೈಗಳು. ಈಗ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಅಡಗಿಕೊಂಡಿದ್ದವು, ಅಡಗಿಸಿದವಳು ನಾನು.

ಇನ್ನೂ ಒಂದು ಮಾತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಶುಕ್ರವಾರ ಸಂಜೆ ಅಮ್ಮನ ಫೋನು ಬಂತು. "ಬಂದು ನೋಡೇ, ನಿಮ್ಮಪ್ಪ ದಿಂಬಿನ ಜೊತೆ ಯುದ್ಧಕ್ಕೆ ನಿಂತಿದಾರೆ" ಎಂದಳು. ಉಂಡೆಯನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಹಿತ್ತಲಲ್ಲಿ ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಾಳೆ, ಕೈಯಲ್ಲಿ ತಲೆದಿಂಬು. ಕೆಳಗೆ ಅಪ್ಪ, ಕುಸ್ತಿಗೆ ಇಳಿದವರಂತೆ ಕಾಲು ಅಗಲಿಸಿ ನಿಂತಿದ್ದಾರೆ.

"ಬಿಡು" ಎಂದರು ಅಪ್ಪ.

ಅಮ್ಮ ಬಿಟ್ಟಳು. ಅಪ್ಪನ ಕೈ ಮೇಲಕ್ಕೆ, ಕಾಲು ಹಿಂದಕ್ಕೆ. ದಿಂಬು ನೆಲಕ್ಕೆ.

"ಎಷ್ಟಾಯ್ತೇ?"

"ಇಪ್ಪತ್ತಮೂರು. ಹಿಡಿದದ್ದು ಒಂದು. ಅದೂ ನಾನು ಬಿಡ್ತೀನಿ ಅಂತ ಮೂರು ಸಲ ಹೇಳಿ ಬಿಟ್ಟಿದ್ದು. ರೀ, ನನಗೆ ಕಾಲು ನೋವು ಬಂತು, ಒಲೆ ಮೇಲೆ ಅನ್ನ ಇದೆ."

"ಇನ್ನೊಂದು. ಹೇಳಬೇಡ, ಸುಮ್ಮನೆ ಬಿಡು."

ಸುಮ್ಮನೆ ಬಿಟ್ಟ ದಿಂಬೂ ನೆಲಕ್ಕೆ ಹೋಯಿತು. ಅಪ್ಪ ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ಅಮ್ಮನ ಕೈಗೆ ಕೊಟ್ಟರು. ಉಂಡೆ ನನ್ನ ಸೊಂಟದಲ್ಲಿ ಕೂತು ಪ್ರತಿ ದಿಂಬಿಗೂ ಚಪ್ಪಾಳೆ ತಟ್ಟುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ನಾನು ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವರಿಗೆ ಕಾಣಿಸಿಕೊಳ್ಳದೆ ಮನೆಗೆ ಬಂದುಬಿಟ್ಟೆ.

ಶನಿವಾರ ಅಮ್ಮನಿಗೆ ರಜೆ. ಹಿಂದೆ ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ದರ್ಜಿ ಹೆಂಗಸು ಮುಂದಿನ ವಾರ ಲೈಸೆನ್ಸಿನ ಪರೀಕ್ಷೆ ಇದೆಯೆಂದು, ಒಂದೇ ಒಂದು ಗಂಟೆ ಬನ್ನಿ ಎಂದು ಗೋಗರೆದಿದ್ದರು. ಉಂಡೆಯನ್ನು ಅಮ್ಮನ ಹತ್ತಿರ ಬಿಟ್ಟು ಹೋದೆ. ಹತ್ತು ತಿಂಗಳ ಮೇಲೆ ನನ್ನ ಸೀಟಿನಲ್ಲಿ ಕೂತಾಗ, ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗಿ ಕೂತಿತು. ನಾನು ಯಾರ ಕಾರಿನಲ್ಲಿ ಕೂತರೂ, ಬಸ್ಸಿನಲ್ಲಿ ಕೂತರೂ ಹೀಗೇ, ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತೇನೆ. ಗಂಡ ನನ್ನನ್ನು ಇದಕ್ಕೆ ಎಷ್ಟು ಸಲ ಆಡಿಕೊಂಡಿದ್ದಾನೋ ಲೆಕ್ಕವಿಲ್ಲ.

ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದೆವು. ಎಡಗಡೆ ಒಂದು ಸರಕಿನ ವ್ಯಾನು ನಿಂತಿತ್ತು.

"ನಿಧಾನ. ಕಾಲು ತೆಗೀರಿ. ಇನ್ನೂ ನಿಧಾನ. ನಿಲ್ಲಿಸಿ."

"ಯಾಕೆ ಮೇಡಂ? ರಸ್ತೆ ಖಾಲಿ ಇದೆಯಲ್ಲ?"

ಅವರು ಹಾಗೆನ್ನುವಷ್ಟರಲ್ಲಿ ವ್ಯಾನಿನ ಮುಂದಿನಿಂದ ಒಬ್ಬ ಮುದುಕ, ಎದೆಯೆತ್ತರಕ್ಕೆ ರಟ್ಟಿನ ಡಬ್ಬಗಳನ್ನು ಅಪ್ಪಿಕೊಂಡು, ಅತ್ತ ಇತ್ತ ನೋಡದೆ ರಸ್ತೆಗೆ ಇಳಿದ. ನಮ್ಮ ಕಾರಿನ ಮುಂದೆಯೇ ಹಾದು ಹೋದ. ನಮ್ಮನ್ನು ಅವನು ನೋಡಲೇ ಇಲ್ಲ.

ದರ್ಜಿ ಹೆಂಗಸು ಸ್ಟೀರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ಅಯ್ಯೋ! ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ವ್ಯಾನಿನ ಕೆಳಗೆ ಕಾಲು ಕಾಣ್ತಿತ್ತು. ಚಪ್ಪಲಿ ಈ ಕಡೆಗೆ ತಿರುಗಿತ್ತು."

"ಬ್ರೇಕು ನೀವು ಒತ್ತಲೇ ಇಲ್ಲ!"

"ಬೇಕಾಗಲಿಲ್ಲವಲ್ಲ" ಎಂದೆ.

ವ್ಯಾನಿನ ಕೆಳಗಿನ ಕಾಲನ್ನು ನೋಡುವುದು ನನಗೆ ಯಾವ ಡ್ರೈವಿಂಗ್ ಸ್ಕೂಲಿನವರೂ ಕಲಿಸಿರಲಿಲ್ಲ. ನಾನು ದಿನಕ್ಕೆ ಎಂಟು ಜನಕ್ಕೆ ಕಲಿಸಿ ಸಂಬಳ ತೆಗೆದುಕೊಳ್ಳುವ ವಿದ್ಯೆಯೆಲ್ಲ ನಮ್ಮಪ್ಪ ಶಾಲೆಯ ದಾರಿಯಲ್ಲಿ ಬಿಟ್ಟಿ ಕೊಟ್ಟಿದ್ದು. ನನ್ನ ಬ್ರೇಕನ್ನು ವರ್ಷಕ್ಕೆ ನಾಲ್ಕು ಸಲ ಒತ್ತಿದರೆ ಹೆಚ್ಚು. ಅಪ್ಪನೂ ಅಷ್ಟೇ ಇರಬೇಕು. ಮೂವತ್ತೆಂಟು ವರ್ಷದಲ್ಲಿ ಅವರ ಕೈಯಿಂದ ಎಷ್ಟು ಶೀಟು ಬಿದ್ದಿರಬಹುದು? ಬೀಳುವ ತನಕ ಬಿಟ್ಟರೆ ತಾನೆ?

ಹಾಗಾದರೆ ಮಂಗಳವಾರ ಅವರಿಗೆ ಯಾಕೆ ಕಾಣಲಿಲ್ಲ? ಇದರ ಉತ್ತರ ಮಂಗಳವಾರದಿಂದಲೇ ನನಗೆ ಗೊತ್ತಿತ್ತು. ಪಾಠ ಮುಗಿಸಿ ಸೀದಾ ಅಪ್ಪನ ಮನೆಗೆ ಹೋದೆ.

ಉಂಡೆ ಒಳಗೆ ಅಮ್ಮನ ಜೊತೆ ಪಾತ್ರೆ ಬಡಿಯುತ್ತಿದ್ದಳು. ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ದಿಂಬಿನ ಬಿಚ್ಚಿಹೋದ ಹೊಲಿಗೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಅಪ್ಪ, ಮಂಚದ ಅಂಚಿನಲ್ಲಿ ನೀವಿಟ್ಟಿದ್ದ ಎರಡು ದಿಂಬು ಇತ್ತಲ್ಲ. ಮಂಗಳವಾರ ಬೆಳಿಗ್ಗೆ ನಾನೇ ತೆಗೆದೆ. ಕವರು ಒಗೆಯಕ್ಕೆ ಹಾಕಿದ್ದೆ. ನಿಮಗೆ ಹೇಳಲಿಲ್ಲ. ನೀವು ದಿಂಬು ಇದೆ ಅಂದ್ಕೊಂಡೇ ಕೋಣೆಗೆ ಹೋದ್ರಿ."

ಅಪ್ಪ ಸೂಜಿ ನಿಲ್ಲಿಸಲಿಲ್ಲ.

"ಗೊತ್ತು" ಎಂದರು.

"ಗೊತ್ತಾ?"

"ಹಗ್ಗದ ಮೇಲೆ ಕವರು ಒಣಗ್ತಿತ್ತಲ್ಲ. ಡಾಕ್ಟರ ಹತ್ರ ಹೋಗುವಾಗ ನೋಡಿದೆ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಅಷ್ಟೊಂದು ಕೂಗಾಡ್ತಿದ್ದೆ, ಒಂದು ಮಾತು ಹೇಳಬಹುದಿತ್ತಲ್ಲ?"

"ಕೋಣೆ ಒಳಗೆ ಕಾಲಿಟ್ಟಾಗ ದಿಂಬು ಇದೆಯಾ ಇಲ್ವಾ ಅಂತ ನೋಡಬೇಕಾಗಿದ್ದು ನಾನು. ನೋಡಲಿಲ್ಲ. ನಿನ್ನೆ ಇತ್ತು, ಇವತ್ತೂ ಇರುತ್ತೆ ಅಂದ್ಕೊಂಡೆ." ಹಲ್ಲಿನಲ್ಲಿ ದಾರ ಕಡಿದರು. "ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದೇ ಇದು. ಮನೆ ಅಂತ ಬಂದಾಗ ಮೈಮರೆತೆ. ಅದಕ್ಕೇ ಬೇಜಾರು ನನಗೆ. ಕೈ ಎತ್ತಿದ್ದಕ್ಕಲ್ಲ."

"ನಾನು ನಿಮಗೆ ಹೇಳಬೇಕಿತ್ತು ಅಪ್ಪ. ತಪ್ಪು ನನ್ನದು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ."

"ಹೂಂ, ಹೇಳಬೇಕಿತ್ತು" ಎಂದರು. ಇಲ್ಲಮ್ಮ, ನಿನ್ನದೇನೂ ತಪ್ಪಿಲ್ಲ ಎಂದು ಸಮಾಧಾನ ಮಾಡುವವರಲ್ಲ ನಮ್ಮಪ್ಪ. ನನಗೆ ಅದರಿಂದಲೇ ಹಗುರವಾಯಿತು. ಒಳಗಿಂದ ಪಾತ್ರೆಯ ಸದ್ದು ನಿಂತಿತು. ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು. ಸದ್ದು ಮತ್ತೆ ಶುರುವಾಯಿತು. ಇಬ್ಬರೂ ತಲೆ ಇಳಿಸಿದೆವು.

"ಸೋಮವಾರ?" ಎಂದು ಕೇಳಿದೆ.

"ನಾಳೆ ಬರ್ತೀನಿ. ನೋಡೋಣ" ಎಂದರು.

ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ಬಂದರು. ಅಮ್ಮ ನನ್ನ ಗಂಡನ ಜೊತೆ ಅಡುಗೆಮನೆ ಸೇರಿದಳು. ಅವನು ತನ್ನ ರಜೆಯ ದಿನವೂ ಹಿಟ್ಟು ನಾದದೆ ಬಿಡುವವನಲ್ಲ. ನಡುಮನೆಯಲ್ಲಿ ಉಂಡೆ ಸೋಫಾದ ಅಂಚು ಹಿಡಿದು ನಿಂತಿದ್ದಳು. ಎರಡು ದಿನದಿಂದ ಅವಳ ಹೊಸ ಹುಚ್ಚು ಅದು, ಅಂಚು ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ನಾನು ಕಿಟಕಿಯ ಬಳಿ ಸೋಮವಾರಕ್ಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲದಿದ್ದರೂ ಮಾಡುತ್ತಿದ್ದೆ.

ಅಪ್ಪ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೈಗಳು ತಮ್ಮ ಮೊಣಕಾಲಿನ ಮೇಲೆ. ಉಂಡೆ ಒಂದು ಹೆಜ್ಜೆ ಅತ್ತ ಹೋದರೆ ಅಪ್ಪ ಕೂತಲ್ಲೇ ಒಂದು ಗೇಣು ಜರುಗಿದರು. ಅವಳು ಇತ್ತ ಬಂದರೆ ಇತ್ತ. ಮೊದಲು ನನಗೆ ಅವರು ಅವಳಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎನ್ನಿಸಿತು. ಆಮೇಲೆ ಅವರ ಕಣ್ಣು ನೋಡಿದೆ. ಅವರು ಉಂಡೆಯ ಮುಖವನ್ನು ನೋಡುತ್ತಿರಲಿಲ್ಲ. ಅವಳ ಪಾದಗಳನ್ನು ನೋಡುತ್ತಿದ್ದರು. ಭಾರ ಎಡಗಾಲಿಗೆ ಬಿದ್ದರೆ ಇವರು ಒಂದಿಷ್ಟು ಎಡಕ್ಕೆ. ಹಿಮ್ಮಡಿ ಎದ್ದರೆ ಒಂದಿಷ್ಟು ಮುಂದಕ್ಕೆ. ಇಬ್ಬರ ನಡುವೆ ಮಾತಿಲ್ಲ, ನಗುವಿಲ್ಲ. ದೊಡ್ಡ ಶೀಟೊಂದನ್ನು ಇಬ್ಬರು ಎತ್ತಿಕೊಂಡು ಇಕ್ಕಟ್ಟಿನ ಮೆಟ್ಟಿಲು ಇಳಿಯುತ್ತಿರುವಷ್ಟು ಗಂಭೀರ. ಇಸ್ತ್ರಿಪೆಟ್ಟಿಗೆ ಆರಿಸಿ ನಾನೂ ನೋಡುತ್ತ ನಿಂತೆ.

ಉಂಡೆ ಸೋಫಾದ ತುದಿಗೆ ಬಂದಳು. ಮುಂದೆ ಹಿಡಿಯಲು ಏನೂ ಇಲ್ಲ. ಒಂದು ಗಳಿಗೆ ಯೋಚಿಸಿದಳು. ಅಂಚಿನಿಂದ ಕೈ ತೆಗೆದಳು. ತನ್ನಷ್ಟಕ್ಕೆ ತಾನೇ ನಿಂತಳು! ಮೊದಲ ಸಲ. ಅಪ್ಪ ಅರ್ಧ ಗೇಣು ಬಲಕ್ಕೆ ಜರುಗಿದರು. ಉಂಡೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಡಲು ಹೋದಳು, ಕಾಲಿಗೆ ಕಾಲು ತೊಡರಿ ಮುಗ್ಗರಿಸಿದಳು.

ಅಪ್ಪನ ಕೈಗಳು ಪಟ್ಟನೆ ಹೆಗಲವರೆಗೆ ಎದ್ದವು. ಅಂಗೈ ಹೊರಗೆ.

ಉಂಡೆ ಅವರ ಮಡಿಲಲ್ಲಿ ಬಿದ್ದಳು.

ಅವರು ಹಿಡಿಯಲಿಲ್ಲ. ಅವಳು ಬೀಳುವ ಜಾಗದಲ್ಲಿ ಅವರು ಮೊದಲೇ ಕೂತಿದ್ದರು. ಮಡಚಿದ ಕಾಲುಗಳ ನಡುವೆ, ಅಳತೆ ಮಾಡಿ ಕತ್ತರಿಸಿದ ಹಾಗೆ ಸರಿಯಾಗಿ, ಅವಳು ಬಂದು ಕೂತಿದ್ದಳು. ಅಳಬೇಕೋ ಬೇಡವೋ ಎಂದು ತಲೆಯೆತ್ತಿ ತಾತನನ್ನು ನೋಡಿದಳು. ಗಾಳಿಯಲ್ಲಿ ನಿಂತಿದ್ದ ಎರಡು ದೊಡ್ಡ ಕೈಗಳು ಕಂಡವು. ಇದೇನೋ ಆಟ ಎಂದುಕೊಂಡಳೋ ಏನೋ, ತಾನೂ ಎರಡು ಕೈ ಮೇಲೆತ್ತಿ ಕೇಕೆ ಹಾಕಿದಳು.

ಅಪ್ಪ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಮೊದಲು ಒಂದು, ಆಮೇಲೆ ಇನ್ನೊಂದು, ನಿಧಾನವಾಗಿ ಕೆಳಗಿಳಿದವು. ಅವಳ ಬೆನ್ನ ಮೇಲೆ ಬಂದು ನಿಂತವು. ಮಂಗಳವಾರದಿಂದ ಅವಳನ್ನು ಮುಟ್ಟಿರಲಿಲ್ಲ. ಈಗ ಹಿಡಿದುಕೊಂಡರು, ಗಟ್ಟಿಯಾಗಿ, ಹತ್ತೂ ಬೆರಳಿನಿಂದ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ, ಹಿಂದೆ ಕೈತುಂಬ ಹಿಟ್ಟು ಮೆತ್ತಿಕೊಂಡ ನನ್ನ ಗಂಡ.

ಅಪ್ಪ ತಲೆ ಎತ್ತದೆ ಕೇಳಿದರು, "ನಾಳೆ ಎಷ್ಟು ಗಂಟೆಗೆ ಹೊರಡ್ತೀಯಮ್ಮ?"

"ಎಂಟಕ್ಕೆ" ಎಂದೆ. ಅಳುತ್ತಲೇ ಎಂದೆ.